ಲ್ಯಾಪ್‌ಟಾಪ್ 48 ಅಂಕಿ ಕೇಳುತ್ತಿದೆಯೇ? ಫಾರ್ಮ್ಯಾಟ್ ಮಾಡಿಸುವ ಮೊದಲು ಇದನ್ನು ಓದಿ

ಮಳೆಗಾಲ ಹಿಡಿದುಕೊಂಡಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಓದುಗರಿಂದ ಒಂದೇ ಪ್ರಶ್ನೆ. ಸಿಡಿಲಿಗೋ ಥಂಡಿಗೋ ಲ್ಯಾಪ್‌ಟಾಪ್ ಕೆಟ್ಟಿತು, ಶಿವಮೊಗ್ಗಕ್ಕೆ ಕಳಿಸಿ ಬೋರ್ಡ್ ಬದಲಾಯಿಸಿದ್ದಾಯಿತು, ಮನೆಗೆ ತಂದು ಆನ್ ಮಾಡಿದರೆ ನೀಲಿ ಪರದೆ. ಬಿಟ್‌ಲಾಕರ್ ರಿಕವರಿ ಕೀ ಕೊಡಿ ಅನ್ನುತ್ತದೆ. ಒಳಗೆ ಹತ್ತು ವರ್ಷದ ಅಡಿಕೆ ಲೆಕ್ಕ, ಮಗಳ ಮದುವೆ ಫೋಟೊ, ಸೊಸೈಟಿ ಸಾಲದ ಕಾಗದಪತ್ರ. ‘ನಾವು ಯಾವ ಬೀಗವನ್ನೂ ಹಾಕಿರಲಿಲ್ಲವಲ್ಲ?’

ಹಾಕಿದ್ದು ವಿಂಡೋಸ್, ಆ ಬೀಗದ ಹೆಸರೇ ಬಿಟ್‌ಲಾಕರ್. ವಿಂಡೋಸ್ 10 ಮತ್ತು 11ರ ಬಹುತೇಕ ಹೊಸ ಲ್ಯಾಪ್‌ಟಾಪ್‌ಗಳಲ್ಲಿ, ಮೊದಲ ಸಲ ಮೈಕ್ರೋಸಾಫ್ಟ್ ಅಕೌಂಟಿನಿಂದ ಒಳಗೆ ಹೋದ ಕೂಡಲೇ, ಎನ್‌ಕ್ರಿಪ್ಟ್ ಆದ ಡಿಸ್ಕಿಗೆ ಬೀಗ ಬೀಳುತ್ತದೆ. ಎನ್‌ಕ್ರಿಪ್ಟ್ ಎಂದರೆ ಒಂದು ಗುಟ್ಟಿನ ಸಂಖ್ಯೆ ಹಿಡಿದು ಕಡತಗಳನ್ನು ಅರ್ಥವಾಗದ ಅಕ್ಷರರಾಶಿಯಾಗಿ ಬದಲಿಸುವುದು. ಆ ಸಂಖ್ಯೆಯೇ ಬೀಗದ ಕೈ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಈ ವ್ಯವಸ್ಥೆಗೆ ಬೇಕಾದ ಷರತ್ತುಗಳು ಇನ್ನೂ ಸಡಿಲವಾಗಿವೆ. ಹೋಮ್ ಆವೃತ್ತಿಯಾದರೂ ಬಿಡುವುದಿಲ್ಲ.

ಬೀಗದ ರಚನೆ ಸ್ವಲ್ಪ ತಿಳಿದಿದ್ದರೆ ಮುಂದಿನ ಹುಡುಕಾಟ ಸುಲಭ. ಡಿಸ್ಕಿನ ನಿಜವಾದ ಕೀಯನ್ನು ಡಿಸ್ಕಿನಲ್ಲೇ ಒಂದು ಡಬ್ಬಿಯಲ್ಲಿಟ್ಟಂತೆ ಇಟ್ಟಿರುತ್ತಾರೆ. ಆ ಡಬ್ಬಿಗೆ ಎರಡು ಬಾಗಿಲು. ಒಂದನ್ನು ಟಿಪಿಎಂ ತೆರೆಯುತ್ತದೆ: ಇದು ಬೋರ್ಡಿನ ಮೇಲೋ ಪ್ರೊಸೆಸರಿನೊಳಗೋ ಇರುವ ಭದ್ರತಾ ಚಿಪ್. ದಿನಾ ನಿಮಗೆ ಗೊತ್ತಿಲ್ಲದೆ ಬಾಗಿಲು ತೆರೆಯುತ್ತಿದ್ದುದು ಇದೇ. ಇನ್ನೊಂದು ಬಾಗಿಲಿಗೆ 48 ಅಂಕಿಯ ರಿಕವರಿ ಕೀ. ಬೋರ್ಡ್ ಬದಲಾದರೆ ಟಿಪಿಎಂ ಬದಲಾಯಿತು, ಮೊದಲ ಬಾಗಿಲು ಹೋಯಿತು. ಎರಡನೆಯದರ ಕೈಯನ್ನು ನೀವು ಹುಡುಕಬೇಕು. ಒಡೆಯುವುದು ಆಗದ ಮಾತು: 128 ಬಿಟ್ ಕೀಯನ್ನು ಸೆಕೆಂಡಿಗೆ ಒಂದು ಲಕ್ಷ ಕೋಟಿ ಸಲ ಊಹಿಸುತ್ತ ಹೋದರೂ, ಎಲ್ಲ ಸಾಧ್ಯತೆ ಮುಗಿಯಲು ಒಂದರ ಮುಂದೆ 19 ಸೊನ್ನೆ ಬರೆದಷ್ಟು ವರ್ಷ ಬೇಕು. ‘ಕ್ರ್ಯಾಕ್ ಮಾಡಿ ಕೊಡುತ್ತೇವೆ, ಮೊದಲು ಐದು ಸಾವಿರ ಹಾಕಿ’ ಅಂದವರಿಗೆ ಈ ಲೆಕ್ಕ ತೋರಿಸಿ.

ಮೊದಲು, ಏನು ಮಾಡಬಾರದು

‘ರೀಸೆಟ್ ದಿಸ್ ಪಿಸಿ’ ಒತ್ತಬೇಡಿ. ಹೊಸ ವಿಂಡೋಸ್ ಹಾಕಿಸಬೇಡಿ. ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗಿಂತ ಮೊದಲು ಎಚ್ಚರವಾಗುವ ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ, ‘ಕ್ಲಿಯರ್ ಟಿಪಿಎಂ’ ಎಂಬ ಆಯ್ಕೆ ಕಂಡರೆ ಮುಟ್ಟಲೇಬೇಡಿ. ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ ಚಿಪ್ ಡಿಸ್ಕ್, ಇರುವ ಯಂತ್ರವಾದರಂತೂ ಫಾರ್ಮ್ಯಾಟ್ ಆದ ಮೇಲೆ ಟ್ರಿಮ್ ಎಂಬ ಕ್ರಿಯೆ ಹಳೆಯ ದತ್ತಾಂಶವನ್ನು ತಾನಾಗಿಯೇ ಗುಡಿಸಿಹಾಕುತ್ತದೆ. ಆಮೇಲೆ ಕೀ ಸಿಕ್ಕರೂ ತೆರೆಯಲು ಏನೂ ಉಳಿದಿರುವುದಿಲ್ಲ.

ಅಂಗಡಿಯಿಂದ ಹಳೆಯ ಬೋರ್ಡನ್ನು ಕೇಳಿ ಪಡೆಯಿರಿ. ಗುಜರಿಗೆ ಹೋಗುವುದು ಅದೇ, ಆದರೆ ನಿಮ್ಮ ಮೊದಲ ಬಾಗಿಲಿನ ಕೈ ಅದರ ಮೇಲಿದೆ. ಎಷ್ಟೋ ಸಲ ಬೋರ್ಡ್ ಕೆಟ್ಟಿರುವುದು ಚಾರ್ಜಿಂಗ್ ಭಾಗದಲ್ಲಿ ಮಾತ್ರ. ಚಿಪ್ ಮಟ್ಟದ ರಿಪೇರಿ ಮಾಡುವವರು ಅದನ್ನು ಒಮ್ಮೆ ಆನ್ ಮಾಡಿಕೊಟ್ಟರೆ ಸಾಕು, ಅದೇ ಡಿಸ್ಕ್ ಹಾಕಿದಾಗ ಕೀ ಕೇಳದೆಯೇ ತೆರೆದುಕೊಳ್ಳಬಹುದು.

ಹಂತ 1: ಇದು ಯಾವ ಬೀಗ?

ಎಲ್ಲ ಬೀಗವೂ ಬಿಟ್‌ಲಾಕರ್ ಅಲ್ಲ. ಆನ್ ಮಾಡಿದ ಕೂಡಲೇ ನೀಲಿ ಪರದೆಯಲ್ಲಿ 48 ಅಂಕಿ ಕೇಳಿದರೆ, ಅಥವಾ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿದಾಗ ಹಳದಿ ಬೀಗದ ಗುರುತು ಕಂಡರೆ ಬಿಟ್‌ಲಾಕರ್. ವಿಂಡೋಸ್ ಚೆನ್ನಾಗಿ ತೆರೆಯುತ್ತಿದೆ, ಆದರೆ ಕೆಲವು ಕಡತಗಳ ಮೇಲೆ ಮಾತ್ರ ಬೀಗದ ಗುರುತಿದ್ದು, ತೆರೆಯ ಹೋದರೆ ‘ಆಕ್ಸೆಸ್ ಡಿನೈಡ್’ ಎಂದರೆ ಅದು ಇಎಫ್‌ಎಸ್. ಹಂತ 6ಕ್ಕೆ ಹೋಗಿ. ಎಲ್ಲ ಕಡತಗಳ ಹೆಸರಿನ ಬಾಲಕ್ಕೆ ವಿಚಿತ್ರ ಅಕ್ಷರ ಸೇರಿಕೊಂಡು, ಹಣ ಕೇಳುವ ಚೀಟಿಯೊಂದು ಪ್ರತಿ ಫೋಲ್ಡರಿನಲ್ಲೂ ಬಿದ್ದಿದ್ದರೆ ರ‍್ಯಾನ್ಸಮ್‌ವೇರ್, ಅಂದರೆ ಸುಲಿಗೆ ವೈರಸ್. ಅದು ಹಂತ 7.

ಹಂತ 2: ಕೀ ಇಲ್ಲದೆಯೇ ತೆರೆದೀತೇ?

ಬೋರ್ಡ್ ಬದಲಾಗದೆ, ಸುಮ್ಮನೆ ಒಂದು ದಿನ ಕೀ ಕೇಳತೊಡಗಿದ್ದರೆ ಈ ಹಂತ ನಿಮ್ಮದು. ಟಿಪಿಎಂ ಸಂಶಯದ ಪ್ರಾಣಿ. ನಿನ್ನೆ ಇದ್ದ ಸ್ಥಿತಿಯಲ್ಲೇ ಯಂತ್ರ ಎದ್ದಿತೇ ಎಂದು ನೋಡಿ, ಏನಾದರೂ ಬದಲಾಗಿದ್ದರೆ ಕೈ ಕೊಡುವುದಿಲ್ಲ. ಹಾಗಾಗಿ ಬದಲಾದದ್ದನ್ನು ಹಿಂದಕ್ಕೆ ತನ್ನಿ.

ಪೆನ್‌ಡ್ರೈವ್, ಹೊರಗಿನ ಹಾರ್ಡ್‌ಡಿಸ್ಕ್, ಡಾಕ್ ಎಲ್ಲ ಕಿತ್ತು ಮತ್ತೆ ಆನ್ ಮಾಡಿ. ಆಗಲೂ ಕೇಳಿದರೆ ಬಯೋಸ್‌ಗೆ ಹೋಗಿ. ಯಂತ್ರದ ತಯಾರಕರನ್ನು ಅನುಸರಿಸಿ ಎಫ್2, ಎಫ್10 ಅಥವಾ ಡಿಲೀಟ್ ಕೀ. ಯಾವುದನ್ನೂ ಬದಲಿಸುವ ಮೊದಲು ಪ್ರತಿ ಪುಟದ ಫೋಟೊ ತೆಗೆದುಕೊಳ್ಳಿ. ಆಮೇಲೆ ಮೂರು ವಿಷಯ ನೋಡಿ: ಸೆಕ್ಯೂರ್ ಬೂಟ್ ಆನ್ ಇದೆಯೇ, ಟಿಪಿಎಂ ಆನ್ ಇದೆಯೇ (ಇಂಟೆಲ್ ಯಂತ್ರದಲ್ಲಿ ಪಿಟಿಟಿ, ಎಎಂಡಿ ಯಂತ್ರದಲ್ಲಿ ಎಫ್‌ಟಿಪಿಎಂ ಎಂದಿರುತ್ತದೆ), ಬೂಟ್ ಸಾಲಿನಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಮೊದಲು ಇದೆಯೇ.

ದಿನಾಂಕ ತಾನಾಗಿಯೇ ಹತ್ತು ವರ್ಷ ಹಿಂದೆ ಹೋಗಿದ್ದರೆ ಬೋರ್ಡಿನ ನಾಣ್ಯದಂಥ ಸೆಲ್ ಸತ್ತಿದೆ ಎಂದರ್ಥ. ತಿಂಗಳುಗಟ್ಟಲೆ ಮುಟ್ಟದೆ ಇಟ್ಟ ಯಂತ್ರಗಳಲ್ಲಿ ಇದು ಮಾಮೂಲು. ಸೆಲ್ ಸತ್ತಾಗ ಬಯೋಸ್ ತನ್ನ ಸೆಟ್ಟಿಂಗ್ ಮರೆಯಬಹುದು, ಟಿಪಿಎಂ ಹೆದರಬಹುದು. ಸಾಮಾನ್ಯವಾಗಿ ಅದು ಸಿಆರ್2032, 3 ವೋಲ್ಟ್. ಹೊಸದು ಹಾಕಿ, ಮೇಲಿನ ಮೂರನ್ನೂ ಸರಿಮಾಡಿ, ಒಮ್ಮೆ ಪೂರ್ತಿ ಆಫ್ ಮಾಡಿ ಆನ್ ಮಾಡಿ.

ಇನ್ನೊಂದು ಅದೃಷ್ಟದ ಪ್ರಕರಣವಿದೆ. ಮೈಕ್ರೋಸಾಫ್ಟ್ ಅಕೌಂಟಿಲ್ಲದೆ, ಬರೀ ಹೆಸರು ಹಾಕಿ ಬಳಸುತ್ತಿದ್ದ ಯಂತ್ರಗಳಲ್ಲಿ ಎನ್‌ಕ್ರಿಪ್ಷನ್ ನಡೆದಿದ್ದರೂ ಬೀಗ ಬಿದ್ದಿರುವುದಿಲ್ಲ. ಬಿಟ್‌ಲಾಕರ್ ಪುಟದಲ್ಲಿ ‘ವೇಟಿಂಗ್ ಫಾರ್ ಆಕ್ಟಿವೇಷನ್’ ಎಂದಿರುತ್ತದೆ, ಕೈ ಬಾಗಿಲಲ್ಲೇ ನೇತಾಡುತ್ತಿರುತ್ತದೆ. ಅಂಥ ಡಿಸ್ಕನ್ನು ಇನ್ನೊಂದು ವಿಂಡೋಸ್ ಯಂತ್ರಕ್ಕೆ ಸಿಕ್ಕಿಸಿದರೆ ಏನೂ ಕೇಳದೆ ತೆರೆಯುತ್ತದೆ. ಅದನ್ನೂ ಒಮ್ಮೆ ಪರೀಕ್ಷಿಸಿ.

ಹಂತ 3: ಕೀ ಹುಡುಕುವುದು

ನೀಲಿ ಪರದೆಯಲ್ಲಿ ‘ರಿಕವರಿ ಕೀ ಐಡಿ’ ಎಂದು ಅಂಕಿ-ಅಕ್ಷರ ಕಲೆತ ಸಾಲೊಂದಿದೆ. ಅದರ ಫೋಟೊ ತೆಗೆಯಿರಿ. ಅದು ಕೀ ಅಲ್ಲ, ಕೀಗೊಂಚಲಿನಲ್ಲಿ ನಿಮ್ಮ ಕೈ ಯಾವುದು ಎಂದು ಹೇಳುವ ಚೀಟಿ. ಮೊದಲ 8 ಅಕ್ಷರ ಹೋಲಿಸಿದರೆ ಸಾಕು. 24ಎಚ್2 ಅಥವಾ ಆಮೇಲಿನ ವಿಂಡೋಸ್ 11 ಆಗಿದ್ದರೆ, ಕೀ ಯಾರ ಮೈಕ್ರೋಸಾಫ್ಟ್ ಅಕೌಂಟಿನಲ್ಲಿದೆ ಎಂಬ ಸುಳಿವೂ ಪರದೆಯಲ್ಲೇ ಕಾಣಬಹುದು.

ಮೊಬೈಲ್‌ನಲ್ಲಿ ಬ್ರೌಸರ್ ತೆರೆದು ಮೈಕ್ರೋಸಾಫ್ಟ್ ಅಕೌಂಟಿಗೆ ಹೋಗಿ, ‘ಡಿವೈಸಸ್’ ಒತ್ತಿ, ಯಂತ್ರದ ಹೆಸರಿನ ಕೆಳಗೆ ಬಿಟ್‌ಲಾಕರ್ ಕೀ ನೋಡುವ ಕೊಂಡಿ ಹುಡುಕಿ. ನೇರ ವಿಳಾಸವೂ ಇದೆ: ಎಕೆಎ ಡಾಟ್ ಎಂಎಸ್ ಸ್ಲ್ಯಾಶ್ ಮೈರಿಕವರಿಕೀ, ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿ. ಅಲ್ಲಿ ನಾಲ್ಕೈದು ಕೀ ಇದ್ದರೆ ದಿನಾಂಕ ನೋಡಿ ಊಹಿಸಬೇಡಿ, ಐಡಿ ಹೋಲಿಸಿ.

‘ನಮಗೆ ಮೈಕ್ರೋಸಾಫ್ಟ್ ಅಕೌಂಟೇ ಇಲ್ಲ’ ಎನ್ನುವವರೇ ಹೆಚ್ಚು. ಇದೆ, ನೀವು ಮಾಡಿದ್ದಲ್ಲ, ಅಷ್ಟೇ. ಲ್ಯಾಪ್‌ಟಾಪ್ ಕೊಂಡ ದಿನ ಅದನ್ನು ‘ರೆಡಿ’ ಮಾಡಿಕೊಟ್ಟವರು ಯಾರು ಎಂದು ನೆನಪಿಸಿಕೊಳ್ಳಿ. ಅಂಗಡಿಯ ಹುಡುಗ ತನ್ನದೇ ಇಮೇಲ್ ಹಾಕಿರಬಹುದು. ಬೆಂಗಳೂರಿನಲ್ಲಿರುವ ಅಣ್ಣನ ಮಗ ಹಬ್ಬಕ್ಕೆ ಬಂದಾಗ ತನ್ನ ಅಕೌಂಟಿನಿಂದ ಆಫೀಸ್ ಹಾಕಿಕೊಟ್ಟಿರಬಹುದು. ಅವರೆಲ್ಲರಿಂದ ಅದೇ ಪುಟ ನೋಡಿಸಿ. ಅಂಗಡಿಯವರಾದರೆ ಬಿಲ್ ಹಿಡಿದು ಹೋಗಿ, ಕೀ ಐಡಿಯ ಫೋಟೊ ತೋರಿಸಿ. ಅಕೌಂಟಿನ ಪಾಸ್‌ವರ್ಡ್ ಕೇಳುವ ಅಗತ್ಯವಿಲ್ಲ, ಕೀ ಮಾತ್ರ ಸಾಕು.

ಮಕ್ಕಳ ಯಂತ್ರವಾದರೆ ಕಾಲೇಜು ಕೊಟ್ಟ ಇಮೇಲ್ ಅಥವಾ ಕಂಪನಿಯ ಇಮೇಲ್ ಅದರಲ್ಲಿ ಎಂದಾದರೂ ಬಳಕೆಯಾಗಿದೆಯೇ ಕೇಳಿ. ಹಾಗಿದ್ದರೆ ಕೀ ಆ ಸಂಸ್ಥೆಯ ಕಡೆ ಉಳಿದಿರಬಹುದು. ಅಲ್ಲಿಯ ಐಟಿ ವಿಭಾಗದವರು ಐಡಿ ಕೊಟ್ಟರೆ ತೆಗೆದುಕೊಡಬಲ್ಲರು. ಕೋರ್ಸ್ ಮುಗಿದ ಮೇಲೆ ಅಂಥ ಅಕೌಂಟು ಮುಚ್ಚಿಬಿಡುವುದುಂಟು, ತಡ ಮಾಡಬೇಡಿ.

ಅಕೌಂಟ್ ಗೊತ್ತು, ಪಾಸ್‌ವರ್ಡ್ ಮರೆತಿದೆ, ಒಟಿಪಿ ಬರುವ ಸಿಮ್ ನಿಂತುಹೋಗಿದೆ? ಮೊದಲು ಅದೇ ನಂಬರ್ ವಾಪಸ್ ಸಿಗುತ್ತದೆಯೇ ಎಂದು ಸಿಮ್ ಕಂಪನಿಯಲ್ಲಿ ಕೇಳಿ. ಗಡಿಬಿಡಿಯಲ್ಲಿ ಹತ್ತಾರು ಸಲ ತಪ್ಪು ಪಾಸ್‌ವರ್ಡ್ ಹೊಡೆದರೆ ಅಕೌಂಟೇ ಕೆಲಕಾಲ ಬಂದ್ ಆಗುತ್ತದೆ.

ಇನ್ನು ಕಾಗದ ಮತ್ತು ಕಡತ. ಕೀ ಉಳಿಸುವಾಗ ವಿಂಡೋಸ್ ಮಾಡುವ ಟೆಕ್ಸ್ಟ್ ಕಡತದ ಹೆಸರು ‘ಬಿಟ್‌ಲಾಕರ್ ರಿಕವರಿ ಕೀ’ ಎಂದೇ ಇಂಗ್ಲಿಷಿನಲ್ಲಿ ಶುರುವಾಗುತ್ತದೆ. ಹಳೆಯ ಪೆನ್‌ಡ್ರೈವ್, ಇಮೇಲ್, ಗೂಗಲ್ ಡ್ರೈವ್, ಪಿಡಿಎಫ್ ರಾಶಿ, ಎಲ್ಲ ಕಡೆ ಆ ಹೆಸರಿನಿಂದ ಹುಡುಕಿ. ಲ್ಯಾಪ್‌ಟಾಪಿನ ಬಿಲ್, ವಾರಂಟಿ ಕಾರ್ಡ್ ಇಟ್ಟ ಕವರನ್ನು ಪೂರ್ತಿ ಕೊಡವಿ.

ಹಂತ 4: ಕಾಗದ ಸಿಕ್ಕಿತು, ಅಂಕಿ ಅಳಿಸಿದೆ

ಮಲೆನಾಡಿನಲ್ಲಿ ಇದು ಪ್ರತ್ಯೇಕ ಹಂತವಾಗಲೇಬೇಕು. ಇಂಕ್‌ಜೆಟ್‌ನಲ್ಲಿ ಪ್ರಿಂಟಾದ ಹಾಳೆ ಆಗುಂಬೆ ಸೀಮೆಯ ಒಂದು ಮಳೆಗಾಲ ಕಳೆದರೆ ಮಸಿ ಹರಡಿ, ಬೂಷ್ಟು ಹಿಡಿದು ಅರ್ಧ ಅಂಕಿ ಓದಲಾಗದು. ಗಾಬರಿ ಬೇಡ, ಲೆಕ್ಕ ನಿಮ್ಮ ಕಡೆಗಿದೆ.

48 ಅಂಕಿಗಳು ಆರರಂತೆ 8 ಗುಂಪಾಗಿರುತ್ತವೆ. ಪ್ರತಿ ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗಲೇಬೇಕು, ಮತ್ತು ಯಾವ ಗುಂಪೂ 720885ನ್ನು ಮೀರದು. ಕೀ ತಯಾರಾಗುವ ಕ್ರಮವೇ ಹಾಗೆ: 0ಯಿಂದ 65535ರವರೆಗಿನ ಒಂದು ಸಂಖ್ಯೆಯನ್ನು 11ರಿಂದ ಗುಣಿಸಿ ಒಂದೊಂದು ಗುಂಪು ಮಾಡಿರುತ್ತಾರೆ. ಗುಂಪು ಸೊನ್ನೆಯಿಂದ ಶುರುವಾದರೆ ಆ ಸೊನ್ನೆಯನ್ನೂ ಬಿಡಬಾರದು.

ಕೈಯಲ್ಲೇ ಪರೀಕ್ಷಿಸುವುದು ಹೀಗೆ. ಗುಂಪಿನ 1, 3, 5ನೇ ಅಂಕಿ ಕೂಡಿ. 2, 4, 6ನೇ ಅಂಕಿ ಕೂಡಿ. ಎರಡರ ವ್ಯತ್ಯಾಸ 0, 11 ಅಥವಾ 22 ಬಂದರೆ ಗುಂಪು ಸರಿ. ಬೇರೆ ಏನಾದರೂ ಬಂದರೆ ಓದಿದ್ದು ತಪ್ಪು. 1ನ್ನು 7 ಎಂದೋ, 8ನ್ನು 6 ಎಂದೋ ಓದಿರುತ್ತೀರಿ, ಇಲ್ಲವೇ ಅಕ್ಕಪಕ್ಕದ ಅಂಕಿ ಅದಲುಬದಲಾಗಿದೆ.

ಒಂದು ಗುಂಪಿನಲ್ಲಿ ಒಂದೇ ಅಂಕಿ ಅಳಿಸಿದ್ದರೆ ಉತ್ತರ ಒಂದೇ. ಉದಾಹರಣೆಗೆ 41?305. 1, 3, 5ನೇ ಸ್ಥಾನದಲ್ಲಿ 4, ?, 0. 2, 4, 6ರಲ್ಲಿ 1, 3, 5, ಮೊತ್ತ 9. ಹಾಗಾದರೆ 4 ಕೂಡಿಸು ಪ್ರಶ್ನಾರ್ಥಕ 9 ಆಗಬೇಕು. ಅಳಿಸಿದ ಅಂಕಿ 5. 415305ನ್ನು 11ರಿಂದ ಭಾಗಿಸಿ ನೋಡಿ, 37755 ಬರುತ್ತದೆ, ಶೇಷವಿಲ್ಲ. ಎಂಟು ಗುಂಪಿನಲ್ಲೂ ಒಂದೊಂದು ಅಂಕಿ ಹೋಗಿದ್ದರೂ ಪೆನ್ಸಿಲ್ ಹಿಡಿದು ಕೀ ಪೂರ್ತಿ ಮಾಡಬಹುದು. ಒಂದು ಗುಂಪಿನಲ್ಲಿ ಎರಡು ಅಂಕಿ ಹೋದರೆ ಸುಮಾರು ಹತ್ತು ಸಾಧ್ಯತೆ. ಬರೆದಿಟ್ಟುಕೊಂಡು ಒಂದೊಂದಾಗಿ ಹಾಕಿ ನೋಡಿ.

ಇಡೀ ಒಂದು ಗುಂಪು ಹೋಗಿದ್ದರೆ 65,536 ಸಾಧ್ಯತೆ. ಇದು ಕೈಯ ಕೆಲಸವಲ್ಲ, ಕಂಪ್ಯೂಟರಿನದು. ಬಿಟ್‌ಲಾಕರ್ ಬೇಕೆಂದೇ ಪ್ರತಿ ಊಹೆಗೂ ಹತ್ತು ಲಕ್ಷ ಚಿಲ್ಲರೆ ಸಲ ಲೆಕ್ಕ ಮಾಡಿಸುತ್ತದೆಯಾದ್ದರಿಂದ ತಡವಾದೀತು, ಆದರೂ ಮುಗಿಯುವ ಕೆಲಸ. ಜಾನ್ ದ ರಿಪ್ಪರ್ ಎಂಬ ಉಚಿತ ತಂತ್ರಾಂಶ ಬಲ್ಲವರಿಗೆ ಹೇಳಿ. ಎರಡು ಗುಂಪು ಹೋದರೆ ಸಾಧ್ಯತೆ 429 ಕೋಟಿ ದಾಟುತ್ತದೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್, ತಾಳ್ಮೆ, ಕರೆಂಟ್ ಮೂರೂ ಬೇಕು. ಮೂರು ಗುಂಪು ಹೋದರೆ ಈ ದಾರಿ ಬಿಡಿ.

ಕೀಬೋರ್ಡಿನ ಅಂಕಿಸಾಲು ಥಂಡಿಗೆ ಕೆಟ್ಟಿದ್ದರೆ ನೀಲಿ ಪರದೆಯಲ್ಲಿ ಎಫ್1ರಿಂದ ಎಫ್9 ಒತ್ತಿದರೆ 1ರಿಂದ 9, ಎಫ್10 ಒತ್ತಿದರೆ 0.

ಹಂತ 5: ತೆರೆದ ಮೇಲೆ

ಕೀ ಹಿಡಿಯಿತೇ? ಖುಷಿಯಲ್ಲಿ ಅಪ್‌ಡೇಟ್ ಹಾಕಲು ಹೋಗಬೇಡಿ, ಮೊದಲು ಬೇಕಾದ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ. ಯಂತ್ರ ಪೂರ್ತಿ ಸತ್ತಿದ್ದರೆ ಡಿಸ್ಕ್ ಬಿಚ್ಚಿ, ಅದಕ್ಕೆ ಹೊಂದುವ ಯುಎಸ್‌ಬಿ ಡಬ್ಬಿಯಲ್ಲಿ ಹಾಕಿ ಬೇರೆ ವಿಂಡೋಸ್ ಯಂತ್ರಕ್ಕೆ ಸಿಕ್ಕಿಸಿ. ಹೋಮ್ ಆವೃತ್ತಿಯಾದರೂ ಕೀ ಕೇಳಿ ತೆರೆಯುತ್ತದೆ.

ಕೀ ಸರಿಯಿದೆ, ಆದರೆ ಡಿಸ್ಕೇ ಹಾಳಾಗಿದೆ ಎಂದಾದರೆ ಮಾಮೂಲಿ ರಿಕವರಿ ತಂತ್ರಾಂಶ ಓಡಿಸಿ ಪ್ರಯೋಜನವಿಲ್ಲ, ಅದಕ್ಕೆ ಕಾಣುವುದು ಕಲಸುಮೇಲೋಗರ ಮಾತ್ರ. ವಿಂಡೋಸ್‌ನಲ್ಲೇ ರಿಪೇರ್-ಬಿಡಿಇ ಎಂಬ ಕಮಾಂಡ್ ಇದೆ. ಬಿಟ್‌ಲಾಕರ್ ತನ್ನ ಮಾಹಿತಿಯನ್ನು ಡಿಸ್ಕಿನ ಮೂರು ಕಡೆ ಬರೆದಿಟ್ಟಿರುತ್ತದೆ. ಒಂದು ಉಳಿದಿದ್ದರೂ ಈ ಕಮಾಂಡ್ ಕೀ ಬಳಸಿ ದತ್ತಾಂಶ ಬಿಡಿಸಿ ಇನ್ನೊಂದು ಡಿಸ್ಕಿಗೆ ಬರೆಯುತ್ತದೆ. ಆ ಇನ್ನೊಂದು ಡಿಸ್ಕ್ ಮೂಲದಷ್ಟೇ ದೊಡ್ಡದೋ ಅದಕ್ಕಿಂತ ದೊಡ್ಡದೋ ಇರಬೇಕು, ಮತ್ತು ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಕಮಾಂಡಿನಲ್ಲಿ ಮೊದಲು ಕೆಟ್ಟ ಡಿಸ್ಕಿನ ಅಕ್ಷರ, ಆಮೇಲೆ ಖಾಲಿ ಡಿಸ್ಕಿನದು. ಇದನ್ನು ಉಲ್ಟಾ ಬರೆದು ಇದ್ದದ್ದನ್ನೂ ಕಳೆದುಕೊಂಡವರಿದ್ದಾರೆ. ಎಂಟರ್ ಒತ್ತುವ ಮುನ್ನ ಎರಡು ಸಲ ಓದಿ. ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಇದನ್ನೂ ಓಡಿಸಬೇಡಿ. ಮೊದಲು ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಇಡೀ ಡಿಸ್ಕಿನ ಪಡಿಯಚ್ಚು ತೆಗೆಸಿ, ಕೆಲಸವೆಲ್ಲ ಆ ಪಡಿಯಚ್ಚಿನ ಮೇಲೆ ನಡೆಯಲಿ.

ಹಂತ 6: ಇಎಫ್‌ಎಸ್, ಅಂದರೆ ಕಡತಕ್ಕಷ್ಟೇ ಹಾಕಿದ ಬೀಗ

ವಿಂಡೋಸ್ ಪ್ರೊ ಇದ್ದವರು ಕಡತದ ಪ್ರಾಪರ್ಟೀಸ್‌ನಲ್ಲಿ ‘ಎನ್‌ಕ್ರಿಪ್ಟ್ ಕಂಟೆಂಟ್ಸ್’ ಗುರುತು ಹಾಕಿ ಮರೆತಿರುತ್ತಾರೆ. ಇಲ್ಲಿ ಕೀ ಎಂದರೆ ಬಳಕೆದಾರರ ಪ್ರೊಫೈಲಿನಲ್ಲಿ ಕೂತ ಸರ್ಟಿಫಿಕೇಟ್, ಅದಕ್ಕೆ ಕಾವಲು ಆ ಬಳಕೆದಾರರ ಪಾಸ್‌ವರ್ಡ್. ಹೀಗಾಗಿ ಎರಡು ರೀತಿ ಕೈತಪ್ಪುತ್ತದೆ.

ಪಾಸ್‌ವರ್ಡ್ ಮರೆತರೆಂದು ಅಡ್ಮಿನಿಸ್ಟ್ರೇಟರ್ ಅಕೌಂಟಿನಿಂದ ಬಲವಂತವಾಗಿ ಹೊಸ ಪಾಸ್‌ವರ್ಡ್ ಹಾಕಿದ್ದರೆ, ಹಳೆಯ ಪಾಸ್‌ವರ್ಡನ್ನು ನೆನಪಿಸಿಕೊಂಡು ಮತ್ತೆ ಅದನ್ನೇ ಇಡಿ. ಬೀಗ ತೆರೆಯುವ ಸಾಧ್ಯತೆ ಇದೆ.

ವಿಂಡೋಸ್ ಹೊಸದಾಗಿ ಹಾಕಿಸಿದ್ದರೆ, ಸಿ ಡ್ರೈವಿನಲ್ಲಿ ವಿಂಡೋಸ್.ಓಲ್ಡ್ ಫೋಲ್ಡರ್ ಇದೆಯೇ ಈಗಲೇ ನೋಡಿ. ಸಾಮಾನ್ಯವಾಗಿ 10 ದಿನಕ್ಕೆ ಅದು ತಾನಾಗಿಯೇ ಅಳಿಯುತ್ತದೆ. ಅದರೊಳಗಿನ ನಿಮ್ಮ ಹಳೆಯ ಪ್ರೊಫೈಲನ್ನು ಇಡಿಯಾಗಿ ಬೇರೆ ಡಿಸ್ಕಿಗೆ ನಕಲು ಮಾಡಿ. ಅದರ ಆ್ಯಪ್‌ಡೇಟಾ ಒಳಗಿನ ರೋಮಿಂಗ್‌ನಡಿಯ ಮೈಕ್ರೋಸಾಫ್ಟ್ ಫೋಲ್ಡರಿನಲ್ಲಿರುವ ಕ್ರಿಪ್ಟೊ, ಪ್ರೊಟೆಕ್ಟ್, ಸಿಸ್ಟಮ್‌ಸರ್ಟಿಫಿಕೇಟ್ಸ್ ಮೂರೂ ಬಂದಿರಬೇಕು. ಇವು ಅಡಗಿಸಿಟ್ಟ ಫೋಲ್ಡರ್‌ಗಳು, ‘ಹಿಡನ್ ಐಟಮ್ಸ್’ ಆನ್ ಮಾಡದೆ ಕಾಣವು. ಮೂರೂ ಇದ್ದು ಹಳೆಯ ಪಾಸ್‌ವರ್ಡೂ ಗೊತ್ತಿದ್ದರೆ, ಇಎಫ್‌ಎಸ್‌ಗೆಂದೇ ಇರುವ ರಿಕವರಿ ತಂತ್ರಾಂಶದಿಂದ ಕಡತ ಬಿಡಿಸಬಹುದು. ಪಿಎಫ್‌ಎಕ್ಸ್ ಎಂದು ಕೊನೆಯಾಗುವ ಬ್ಯಾಕಪ್ ಕಡತ ಎಲ್ಲಾದರೂ ಸಿಕ್ಕರೆ ಇದ್ಯಾವ ತಾಪತ್ರಯವೂ ಇಲ್ಲ: ಡಬಲ್ ಕ್ಲಿಕ್ ಮಾಡಿ, ಅದಕ್ಕಿಟ್ಟ ಪಾಸ್‌ವರ್ಡ್ ಕೊಡಿ.

ಹಂತ 7: ಸುಲಿಗೆ ವೈರಸ್

ನೆಟ್ ಕಿತ್ತುಹಾಕಿ, ಹಣ ಕಟ್ಟಬೇಡಿ, ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ ಇಲ್ಲವೇ ಶಿವಮೊಗ್ಗದ ಸಿಇಎನ್ (ಸೈಬರ್ ಅಪರಾಧ) ಠಾಣೆಯಲ್ಲಿ ದೂರು ಕೊಡಿ. ‘ನೋ ಮೋರ್ ರ‍್ಯಾನ್ಸಮ್’ ತಾಣಕ್ಕೆ ಎನ್‌ಕ್ರಿಪ್ಟ್ ಆದ ಎರಡು ಕಡತ ಮತ್ತು ಆ ಚೀಟಿ ಕೊಟ್ಟರೆ ಯಾವ ವೈರಸ್, ಉಚಿತ ಬಿಡುಗಡೆ ಕೀ ಇದೆಯೇ ಎಂದು ಹೇಳುತ್ತದೆ. ಇದು ಡಚ್ ಪೊಲೀಸರು, ಯೂರೋಪೋಲ್ ಮತ್ತು ಭದ್ರತಾ ಕಂಪನಿಗಳು 2016ರಲ್ಲಿ ಶುರುಮಾಡಿದ್ದು.

ಕದ್ದ ಸಾಫ್ಟ್‌ವೇರ್ ಇಳಿಸಿಕೊಂಡವರಿಗೆ ಅಂಟುವ ಸ್ಟಾಪ್ ಅಥವಾ ಡೆಜಾವು ವೈರಸ್ ಬಗ್ಗೆ ಒಂದು ಮಾತು. ಚೀಟಿಯಲ್ಲಿರುವ ಐಡಿಯ ಕೊನೆಗೆ ‘ಟಿ1’ ಇದ್ದರೆ ಅದು ಆಫ್‌ಲೈನ್ ಕೀ, ಅಂದರೆ ಹಲವರಿಗೆ ಒಂದೇ ಕೀ. ಅದು ಇಂದಲ್ಲ ನಾಳೆ ಸಿಕ್ಕೀತು, ಕಡತ ಎತ್ತಿಡಿ. ಇಲ್ಲವಾದರೆ ಕಷ್ಟ. ಆದರೆ ಈ ವೈರಸ್ ಪ್ರತಿ ಕಡತದ ಮೊದಲ 150 ಕೆಬಿಯನ್ನಷ್ಟೇ ಕೆಡಿಸುತ್ತದೆ. ದೊಡ್ಡ ವಿಡಿಯೊಗಳನ್ನು ಅದೇ ಕ್ಯಾಮೆರಾದಲ್ಲಿ ತೆಗೆದ ಬೇರೆ ಒಳ್ಳೆಯ ವಿಡಿಯೊದ ಮಾದರಿ ಕೊಟ್ಟು ರಿಪೇರಿ ಮಾಡಿಸಲು ಸಾಧ್ಯ. ಮದುವೆ ವಿಡಿಯೊ ಈ ದಾರಿಯಲ್ಲಿ ಎಷ್ಟೋ ಉಳಿಯುತ್ತದೆ, ಫೋಟೊ ಉಳಿಯುವುದು ಕಡಿಮೆ.

ಕೀ ಎಲ್ಲೂ ಸಿಗದಿದ್ದರೆ

ಬೀಗದ ಹೊರಗೆ ಏನಿದೆ ಎಂದು ಪಟ್ಟಿ ಮಾಡಿ. ಪಹಣಿ ಭೂಮಿಯಲ್ಲಿ, ಋಣಭಾರ ಪತ್ರ ಕಾವೇರಿಯಲ್ಲಿ, ಜಿಎಸ್‌ಟಿ ರಿಟರ್ನ್ ಅದರ ಪೋರ್ಟಲ್‌ನಲ್ಲಿ ಮತ್ತೆ ಸಿಗುತ್ತವೆ. ಟ್ಯಾಲಿ ಬ್ಯಾಕಪ್ ಲೆಕ್ಕಿಗರ ಹತ್ತಿರ ಇರಬಹುದು. ಫೋಟೊ ವಾಟ್ಸ್ಆ್ಯಪ್‌ನಲ್ಲಿ ನೆಂಟರಿಗೆ ಕಳಿಸಿದ್ದು, ಗೂಗಲ್ ಫೋಟೋಸ್‌ನಲ್ಲಿ ಕೂತಿದ್ದು, ಫೋಟೊಗ್ರಾಫರ್ ಬಳಿ ಉಳಿದಿದ್ದು. ವಿಂಡೋಸ್ 11ರಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎಷ್ಟೋ ಸಲ ಕೇಳದೆಯೇ ಒನ್‌ಡ್ರೈವ್‌ಗೆ ಹೋಗಿರುತ್ತವೆ, ಅಲ್ಲೂ ನೋಡಿ. ಲ್ಯಾಪ್‌ಟಾಪ್ ಬಳಕೆಗೆ ಬೇಕೇಬೇಕಿದ್ದರೆ ಹೊಸ ಎಸ್‌ಎಸ್‌ಡಿ ಹಾಕಿಸಿಕೊಳ್ಳಿ; ಹಳೆಯದನ್ನು ಅಳಿಸದೆ, ಕೀ ಐಡಿಯನ್ನು ಅದರ ಮೇಲೆ ಅಂಟಿಸಿ ತೆಗೆದಿಡಿ. ಕೀ ಇರುವ ಕಾಗದ ಮೂರು ವರ್ಷದ ಮೇಲೆ ಅಟ್ಟದ ಪೆಟ್ಟಿಗೆಯಲ್ಲಿ ಸಿಗುವುದೂ ಉಂಟು.

ತೆರೆದವರು ಇವತ್ತೇ ಮಾಡಬೇಕಾದ್ದು

ಸ್ಟಾರ್ಟ್‌ನಲ್ಲಿ ‘ಮ್ಯಾನೇಜ್ ಬಿಟ್‌ಲಾಕರ್’ ಹುಡುಕಿ, ‘ಬ್ಯಾಕಪ್ ಯುವರ್ ರಿಕವರಿ ಕೀ’ ಒತ್ತಿ. ಹೋಮ್ ಆವೃತ್ತಿಯವರಿಗೆ ಇದು ಸಿಗದಿದ್ದರೆ ಮೈಕ್ರೋಸಾಫ್ಟ್ ಅಕೌಂಟಿನ ಪುಟದಿಂದಲೇ ಕೀ ನಕಲು ಮಾಡಿಕೊಳ್ಳಿ. ಎರಡು ಪ್ರತಿ ಲೇಸರ್ ಪ್ರಿಂಟ್ ತೆಗೆಸಿ; ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿದರೆ ಕಡತವನ್ನು ಅಲ್ಲಿಯ ಕಂಪ್ಯೂಟರಿನಿಂದ ಅಳಿಸಿ ಬನ್ನಿ. ಕೈಯಲ್ಲಿ ಬರೆಯುವುದಾದರೆ ಪೆನ್ಸಿಲ್ ಬಳಸಿ, ಮಸಿಯಂತೆ ನೀರಿಗೆ ಹರಡದು. ಪ್ರತಿ ಗುಂಪನ್ನು 11ರಿಂದ ಭಾಗಿಸಿ ನೋಡಿದ ಮೇಲೆ ಜಿಪ್ ಕವರಿಗೆ ಹಾಕಿ ಒಂದನ್ನು ಪಹಣಿ ಕಡತದ ಜೊತೆ, ಇನ್ನೊಂದನ್ನು ಬೇರೆ ಮನೆಯಲ್ಲಿ ಇಡಿ. ಲ್ಯಾಪ್‌ಟಾಪ್ ಚೀಲದಲ್ಲಿ ಬೇಡ.

ಮುಂದೆ ಬಯೋಸ್ ಅಪ್‌ಡೇಟ್ ಹಾಕುವ ಮುನ್ನ ಅದೇ ಪುಟದಲ್ಲಿ ‘ಸಸ್ಪೆಂಡ್ ಪ್ರೊಟೆಕ್ಷನ್’ ಒತ್ತಿ. ಕೆಲಸ ಮುಗಿದು ವಿಂಡೋಸ್ ಎದ್ದ ಮೇಲೆ ಬೀಗ ಮತ್ತೆ ಬಿದ್ದಿದೆಯೇ ನೋಡಿ. ಬೋರ್ಡ್ ರಿಪೇರಿಗೆ ಕೊಡುವಾಗ ಯಂತ್ರ ಆನ್ ಆಗುವ ಸ್ಥಿತಿಯಲ್ಲಿದ್ದರೆ ಇದನ್ನೇ ಮಾಡಿ, ಇಲ್ಲದಿದ್ದರೆ ಡಿಸ್ಕ್ ಬಿಚ್ಚಿ ಮನೆಯಲ್ಲೇ ಇಟ್ಟುಕೊಂಡು ಯಂತ್ರ ಮಾತ್ರ ಕಳಿಸಿ.